ಹಳೇ ರೇಂಜ್‌ಫೈಂಡರ್ ಕ್ಯಾಮೆರಾ ಸಿಕ್ಕಿದ್ರೆ ಬೀರುನಲ್ಲಿ ಇಡಬೇಡಿ, ಫಿಲ್ಮ್ ರೀಲ್ ಹಾಕಿ

ನಮ್ಮ ಸೋದರಮಾವ ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾಗ ತಂದಿದ್ದ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಅವರ ಮನೆ ಬೀರುವಿನ ಮೇಲಿನ ಅರೆಯಲ್ಲಿ, ಮದುವೆ ಆಲ್ಬಮ್‌ಗಳ ಹಿಂದೆ ಬಿದ್ದಿತ್ತು, ಎಷ್ಟು ವರ್ಷದಿಂದ ಅಂತ ಅವರಿಗೇ ಲೆಕ್ಕ ಇರ್ಲಿಲ್ಲ. ಕೇಳಿದ್ದಕ್ಕೆ "ಅದು ಯಾವತ್ತೋ ಕೆಟ್ಟೋಗಿದೆ ಕಣೋ, ಫೋಟೋ ಎಲ್ಲ ಕಪ್ಪಗೆ ಬರ್ತಿತ್ತು, ಬೇಕಿದ್ರೆ ನೀನೇ ಇಟ್ಕೋ" ಅಂದ್ರು. ಮನೆಗೆ ತಂದು ತಳದ ಮುಚ್ಚಳ ತಿರುಗಿಸಿ ನೋಡಿದ್ರೆ ಒಳಗೆ ಬ್ಯಾಟರಿನೇ ಇಲ್ಲ. ಈ ಕ್ಯಾಮೆರಾ ಬ್ಯಾಟರಿ ಇಲ್ದಿದ್ರೂ ಕ್ಲಿಕ್ ಆಗತ್ತೆ, ಆದ್ರೆ 1/500 ಸೆಕೆಂಡ್ ಅನ್ನೋ ಒಂದೇ ಸ್ಪೀಡಲ್ಲಿ, ಅಂದ್ರೆ ಫಿಲ್ಮಿಗೆ ಬೆಳಕು ಬೀಳೋದು ಅಷ್ಟೇ ಹೊತ್ತು, ಹಾಗಾಗಿ ಬಿಸಿಲಲ್ಲಿ ತೆಗೆದದ್ದು ಹೇಗೋ ಬರತ್ತೆ, ಮನೆ ಒಳಗಿಂದು ಪೂರ್ತಿ ಕತ್ತಲೆ. ಕ್ಯಾಮೆರಾಗೆ ಏನೂ ಆಗಿರ್ಲಿಲ್ಲ, ಅದಕ್ಕೆ ಹಾಕೋ ಬ್ಯಾಟರಿ ಅಂಗಡಿಗೆ ಬರೋದು ನಿಂತಿತ್ತು ಅಷ್ಟೇ.

ಇಂಥ ಕ್ಯಾಮೆರಾ ನಿಮ್ಮ ದೊಡ್ಡಪ್ಪನ ಮನೇಲೋ ಅತ್ತೆ ಮನೆ ಅಟ್ಟದಲ್ಲೋ ಇರಬಹುದು. ಇಲ್ಲಾ ಭಾನುವಾರ ಬೆಳಗ್ಗೆ ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಹಳೇ ರೇಡಿಯೋ, ಗಡಿಯಾರದ ಮಧ್ಯೆ ಕಣ್ಣಿಗೆ ಬೀಳಬಹುದು. ಅದನ್ನ ನೋಡಿ ಪರೀಕ್ಷೆ ಮಾಡೋದು, ರೀಲ್ ಹಾಕಿ ಫೋಟೋ ತೆಗೆಯೋದು ಹೇಗೆ ಅಂತ ನಾನು ಕಲಿತಷ್ಟನ್ನ ಇಲ್ಲಿ ಬರೀತೀನಿ.

ಮೊದಲು ಈ ರೇಂಜ್‌ಫೈಂಡರ್ ಅಂದ್ರೇನು

ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡೀರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಗೆ ಹೋಲಿಸಿದ್ರೆ ಬೆರಳು ಜಾಗ ಬದಲಾಯಿಸಿದ ಹಾಗೆ ಕಾಣತ್ತೆ ಅಲ್ವಾ, ಬೆರಳು ಹತ್ತಿರ ತಂದಷ್ಟೂ ಜಾಸ್ತಿ ನೆಗೆಯತ್ತೆ. ಕ್ಯಾಮೆರಾ ಮಾಡೋದೂ ಇದೇ ಕೆಲಸ. ಮುಂದೆ ಎರಡು ಕಿಟಕಿ ಇರತ್ತೆ. ದೊಡ್ಡದರಲ್ಲಿ ನೇರವಾಗಿ ನೋಡ್ತೀವಿ, ಚಿಕ್ಕದರಿಂದ ಬಂದ ಬಿಂಬ ಒಳಗಿನ ಕನ್ನಡಿಗಳ ಮೂಲಕ ಬಂದು ವ್ಯೂಫೈಂಡರ್ ಮಧ್ಯದಲ್ಲಿ ಒಂದು ಸಣ್ಣ ಹಳದಿ ಚೌಕದಲ್ಲಿ ಬೀಳತ್ತೆ. ಲೆನ್ಸ್ ತಿರುಗಿಸಿದಾಗ ಒಳಗಿನ ಸಲಾಕೆಯೊಂದು ಆ ಬಿಂಬವನ್ನ ಪಕ್ಕಕ್ಕೆ ಸರಿಸತ್ತೆ. ಎರಡು ಬಿಂಬ ಒಂದರ ಮೇಲೊಂದು ಕೂತ್ರೆ ಫೋಕಸ್ ಆಯ್ತು ಅಂತ ಅರ್ಥ.

ಜರ್ಮನಿಯ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಾಗ ಅದರೊಳಗೆ ಈ ವ್ಯವಸ್ಥೆ ಇರ್ಲಿಲ್ಲ, 1932ರ ಲೈಕಾ ಎರಡನೇ ಮಾಡೆಲ್‌ನಲ್ಲಿ ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್ ಬಂತು. ಅದನ್ನೇ ನೋಡ್ಕೊಂಡು ಸೋವಿಯತ್ ಒಕ್ಕೂಟದ ಖಾರ್ಕಿವ್‌ನಲ್ಲಿ 1934ರಿಂದ ಫೆಡ್, ಯುದ್ಧ ಮುಗಿದ ಮೇಲೆ 1948ರಿಂದ ಮಾಸ್ಕೋ ಹತ್ತಿರದ ಕ್ರಾಸ್ನೊಗೋರ್ಸ್ಕ್‌ನಲ್ಲಿ ಜೋರ್ಕಿ ಅನ್ನೋ ಕ್ಯಾಮೆರಾಗಳು ತಯಾರಾದ್ವು. 1954ರಲ್ಲಿ ಲೈಕಾ ಎಂ3 ಬಂತು, 1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ಪ್ರೆಸ್ ಫೋಟೋಗ್ರಾಫರುಗಳು ಮೆಲ್ಲಗೆ ಲೆನ್ಸಿನ ಮೂಲಕವೇ ಕನ್ನಡಿಯಲ್ಲಿ ನೋಡೋ ಎಸ್‌ಎಲ್‌ಆರ್ ಕಡೆ ಹೊರಟ್ರು. ಆದ್ರೆ ಮನೆಮಂದಿಗೆ ಅಂತ ಜಪಾನಿನವರು ಲೆನ್ಸ್ ಬಿಚ್ಚೋಕೆ ಬರದ ರೇಂಜ್‌ಫೈಂಡರ್‌ಗಳನ್ನ ಲಕ್ಷಗಟ್ಟಲೆ ಮಾಡಿದ್ರು. ಕ್ಯಾನನ್ ಕ್ಯಾನೊನೆಟ್ 1961, ಯಾಶಿಕಾ ಎಲೆಕ್ಟ್ರೋ 35 1966. ಮಿನೋಲ್ಟಾ ಹೈ-ಮ್ಯಾಟಿಕ್ ಅಂತೂ ಬೇರೆ ಹೆಸರಿನ ಪಟ್ಟಿ ಅಂಟಿಸ್ಕೊಂಡು 1962ರಲ್ಲಿ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಜೊತೆ ಭೂಮಿ ಸುತ್ತಿ ಬಂದಿದೆ.

ಮೊದಲ ಕ್ಯಾಮೆರಾಗೆ ಲೈಕಾ ಬೇಡ ಅಂತ ನನ್ನ ಅಭಿಪ್ರಾಯ. ಒಂದು ಲೈಕಾ ದುಡ್ಡಲ್ಲಿ ಒಳ್ಳೇ ಯಾಶಿಕಾ ಅಥವಾ ಕ್ಯಾನೊನೆಟ್ ತಗೊಂಡು, ರಿಪೇರಿ ಮಾಡ್ಸಿ, ವರ್ಷಗಟ್ಟಲೆ ಆಗೋಷ್ಟು ರೀಲ್ ತುಂಬ್ಕೋಬಹುದು. ಯಾಶಿಕಾದ 45 ಮಿಮೀ ಎಫ್/1.7 ಲೆನ್ಸ್ ಆಗ್ಲಿ, ಕ್ಯಾನೊನೆಟ್ ಕ್ಯೂಎಲ್17 ಜಿ-3ರ 40 ಮಿಮೀ ಎಫ್/1.7 ಆಗ್ಲಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಜಾಸ್ತಿ ಬೆಳಕು ಬಿಡತ್ತೆ), ಸಂಜೆ ಬೆಳಕಲ್ಲೂ ಫ್ಲ್ಯಾಶ್ ಇಲ್ದೆ ಕೆಲಸ ಮಾಡೋವಷ್ಟು ಚೆನ್ನಾಗಿವೆ.

ಕೈಗೆ ತಗೊಂಡ ತಕ್ಷಣ ನೋಡಬೇಕಾದ್ದು

ಮಾರೋವ್ರು "ವರ್ಕಿಂಗ್ ಕಂಡೀಷನ್ ಸಾರ್" ಅಂತಾರೆ. ಅವರನ್ನ ನಂಬೋದು ಬಿಡೋದು ಆಮೇಲೆ, ನೀವು ನಿಧಾನಕ್ಕೆ ಹತ್ತು ನಿಮಿಷ ಕೊಟ್ಟು ನೋಡಿ.

ಮೊದಲು ಲೆನ್ಸ್. ಮೊಬೈಲ್ ಟಾರ್ಚ್ ಹಚ್ಚಿ ಓರೆಯಾಗಿ ಬೆಳಕು ಬಿಡಿ. ಜೇಡರ ಬಲೆ ತರ ಎಳೆ ಎಳೆಯಾಗಿ ಕಂಡ್ರೆ ಅದು ಫಂಗಸ್, ನಮ್ಮ ಮಳೆಗಾಲದ ಕಾಣಿಕೆ. ಅಂಚಲ್ಲಿ ಒಂದೆರಡು ಎಳೆ ಇದ್ರೆ ಫೋಟೋದಲ್ಲಿ ಗೊತ್ತೇ ಆಗಲ್ಲ, ಮಧ್ಯದಲ್ಲಿ ದಟ್ಟವಾಗಿದ್ರೆ ಬಿಟ್ಟುಬಿಡಿ. ಸಣ್ಣ ಧೂಳಿಗೆ ತಲೆ ಕೆಡಿಸ್ಕೋಬೇಡಿ.

ಆಮೇಲೆ ಹಿಂದಿನ ಬಾಗಿಲು ತೆಗೀರಿ. ಜಪಾನಿ ಕ್ಯಾಮೆರಾಗಳಲ್ಲಿ ಬಾಗಿಲ ಸುತ್ತ ಕಪ್ಪು ಫೋಮ್ ಇರತ್ತೆ, ಅದು ಐವತ್ತು ವರ್ಷಕ್ಕೆ ಡಾಂಬರಿನ ತರ ಕರಗಿ ಬೆರಳಿಗೆ ಅಂಟತ್ತೆ. ಇದಕ್ಕೆ ಹೆದರ್ಕೋಬೇಡಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸಿ ತೆಗೆದು ಹೊಸ ಫೋಮ್ ಪಟ್ಟಿ ಅಂಟಿಸಿದ್ರೆ ಆಯ್ತು, ಒಂದು ಮಧ್ಯಾಹ್ನದ ಕೆಲಸ, ಆದ್ರೆ ಮಾಡ್ಲೇಬೇಕು, ಇಲ್ದಿದ್ರೆ ಬೆಳಕು ಸೋರಿ ಫೋಟೋ ಮೇಲೆ ಕೆಂಪು ಪಟ್ಟೆ ಬರತ್ತೆ. ಜೋರ್ಕಿ, ಫೆಡ್‌ಗಳಲ್ಲಿ ಈ ಫೋಮಿನ ತಾಪತ್ರಯನೇ ಇಲ್ಲ. ಅವುಗಳದ್ದು ಬಟ್ಟೆಯ ಶಟರ್, ಅಂದ್ರೆ ಫಿಲ್ಮಿನ ಮುಂದೆ ತೆರೆದು ಮುಚ್ಚೋ ಪರದೆ. ಲೆನ್ಸ್ ಕ್ಯಾಪ್ ಹಾಕದೆ ಸೂರ್ಯನ ಕಡೆ ಮುಖ ಮಾಡಿ ಇಟ್ಟಿದ್ರೆ ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಬಟ್ಟೆ ಸುಟ್ಟು ತೂತಾಗಿರತ್ತೆ. ಲೆನ್ಸ್ ಬಿಚ್ಚಿ, ಕತ್ತಲಲ್ಲಿ ಟಾರ್ಚ್ ಹಿಡಿದು ಹಿಂದಿನಿಂದ ನೋಡಿದ್ರೆ ನಕ್ಷತ್ರದ ಹಾಗೆ ಚುಕ್ಕೆ ಕಾಣತ್ತೆ. ಇನ್ನೊಂದು ಮಾತು, ಜೋರ್ಕಿಯಲ್ಲಿ ಫಿಲ್ಮ್ ಮುಂದಕ್ಕೆ ಸುತ್ತಿ ಶಟರ್ ಎಳೆದ ಮೇಲೇ ಸ್ಪೀಡ್ ಬದಲಾಯಿಸಬೇಕು. ಎಳೆಯೋಕೆ ಮುಂಚೆ ಆ ಚಕ್ರ ತಿರುಗಿಸಿದ್ರೆ ಒಳಗಿನ ಯಂತ್ರಕ್ಕೆ ಪೆಟ್ಟು ಬೀಳತ್ತೆ, ಅಂಗಡೀಲಿ ನೋಡುವಾಗಲೂ ಮರೀಬೇಡಿ.

ಯಾಶಿಕಾ ಎಲೆಕ್ಟ್ರೋ ಆದ್ರೆ ಕಿವಿ ಕೊಟ್ಟು ಕೇಳಿ. ಫಿಲ್ಮ್ ಮುಂದೆ ಸರಿಸೋ ಲಿವರ್ ಪೂರ್ತಿ ಎಳೆದಾಗ ಒಳಗೆ "ಟಕ್" ಅಂತ ಒಂದು ಸದ್ದು ಬರಬೇಕು. ಒಳಗೊಂದು ಪುಟ್ಟ ರಬ್ಬರ್ ಪ್ಯಾಡ್ ಇದೆ, ವರ್ಷಗಳು ಕಳೆದಂತೆ ಅದು ಒಣಗಿ ಪುಡಿಯಾಗತ್ತೆ, ಆಗ ಆ ಟಕ್ ಸದ್ದು ನಿಂತುಹೋಗತ್ತೆ ಮತ್ತೆ ಬೆಳಕಿನ ಲೆಕ್ಕ ತಪ್ಪತ್ತೆ. ಸದ್ದು ಇಲ್ಲ ಅಂದ್ರೆ ರಿಪೇರಿ ಖರ್ಚು ಸೇರಿಸ್ಕೊಂಡು ಚೌಕಾಸಿ ಮಾಡಿ.

ಕೊನೆಗೆ ರೇಂಜ್‌ಫೈಂಡರ್. ದೂರದ ಮೊಬೈಲ್ ಟವರ್ ಅಥವಾ ರಾತ್ರಿ ಆದ್ರೆ ಚಂದ್ರನ ಕಡೆ ಹಿಡಿದು ಲೆನ್ಸನ್ನ ಇನ್ಫಿನಿಟಿಗೆ, ಅಂದ್ರೆ ತೀರಾ ದೂರದ ಗುರುತಿಗೆ ತಿರುಗಿಸಿ. ಎರಡು ಬಿಂಬ ಸರಿಯಾಗಿ ಒಂದಾಗಬೇಕು. ಸ್ವಲ್ಪ ಪಕ್ಕಕ್ಕಿದ್ರೆ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು, ಹಳದಿ ಚೌಕವೇ ಕಾಣ್ತಿಲ್ಲ ಅಂದ್ರೆ ಒಳಗಿನ ಗಾಜಿನ ಲೇಪ ಹೋಗಿದೆ ಅಂತ. ಚೌಕ ಬರೀ ಮಸುಕಾಗಿದ್ರೆ ಒಂದು ಸುಲಭದ ಉಪಾಯ ಇದೆ: ದೊಡ್ಡ ಕಿಟಕಿಯ ಗಾಜಿನ ಮಧ್ಯಕ್ಕೆ ಹೊರಗಡೆಯಿಂದ ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಟೇಪ್ ಚೂರು ಅಂಟಿಸಿ. ಅಷ್ಟು ಜಾಗದಲ್ಲಿ ನೇರದ ಬಿಂಬ ಕಪ್ಪಾಗಿ ಹಳದಿ ಬಿಂಬ ಎದ್ದು ಕಾಣತ್ತೆ.

ಬ್ಯಾಟರಿ

ಆಗಿನ ಕ್ಯಾಮೆರಾಗಳಿಗೆ ಪಾದರಸದ ಬ್ಯಾಟರಿ ಇತ್ತು, ಈಗ ಅದು ಇಲ್ಲ. ಯಾಶಿಕಾಗೆ 5.6 ವೋಲ್ಟ್ ಬೇಕಿತ್ತು, ಈಗ ಸಿಗೋ 6 ವೋಲ್ಟಿನ 4ಎಲ್‌ಆರ್44 ಹಾಕಿದ್ರೆ ನಡೆಯತ್ತೆ, ಆದ್ರೆ ಅದು ಸಣ್ಣದು, ಸುತ್ತ ದಪ್ಪ ಕಾಗದ ಸುತ್ತಿ ಉಳಿದ ಜಾಗಕ್ಕೆ ಒಂದು ಸ್ಪ್ರಿಂಗ್ ಇಡಿ. ಹಿಂದಿನ ಪುಟ್ಟ ಬಟನ್ ಒತ್ತಿದಾಗ ಹಸಿರು ದೀಪ ಹತ್ತಿದ್ರೆ ಸಂಪರ್ಕ ಸರಿ ಇದೆ. ಮಾವನ ಕ್ಯಾಮೆರಾದಲ್ಲಿ ಆ ದೀಪ ಹತ್ತಿದಾಗ ನಾನು ಅವರಿಗೆ ಫೋನ್ ಮಾಡಿ ಹೇಳಿದೆ, ಅವರು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಕ್ಯಾನೊನೆಟ್‌ಗೆ 1.35 ವೋಲ್ಟ್ ಬೇಕು. ಅದಕ್ಕೆ ಕಿವಿ ಮಷೀನಿಗೆ ಹಾಕೋ 675 ಸೈಜಿನ ಝಿಂಕ್ ಏರ್ ಸೆಲ್ ಹತ್ತಿರದ್ದು, 1.4 ವೋಲ್ಟ್. ಅಲ್ಲಾಡದ ಹಾಗೆ ಸುತ್ತ ಒಂದು ರಬ್ಬರ್ ರಿಂಗ್ ಹಾಕಿ. ಸ್ಟಿಕ್ಕರ್ ಕಿತ್ತ ಮೇಲೆ ಕೆಲವು ವಾರ, ಹೆಚ್ಚಂದ್ರೆ ಒಂದೆರಡು ತಿಂಗಳು ಬರತ್ತೆ. ಜೋರ್ಕಿ 4ರಲ್ಲಿ ಬೆಳಕು ಅಳೆಯೋ ಮೀಟರ್ರೇ ಇಲ್ಲ, ಬ್ಯಾಟರಿನೂ ಬೇಡ. ಒಳ್ಳೇ ಬಿಸಿಲಿದ್ರೆ ಎಫ್/16 ಇಟ್ಟು ಸ್ಪೀಡನ್ನ ಫಿಲ್ಮಿನ ಐಎಸ್‌ಒಗೆ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸಂಖ್ಯೆ) ಹತ್ತಿರ ಇಡಿ, ಅಂದ್ರೆ 200ರ ಫಿಲ್ಮಿಗೆ 1/250. ಮರದ ನೆರಳಿಗೆ ಬಂದ್ರೆ ಎಫ್/5.6ಗೆ ತೆರೀರಿ.

ರೀಲ್ ಹಾಕೋದು

ಕಪ್ಪು ಬಿಳುಪು ಆದ್ರೆ ಇಲ್ಫರ್ಡ್ ಎಚ್‌ಪಿ5 ಪ್ಲಸ್, ಕಲರ್ ಆದ್ರೆ ಕೊಡಾಕ್ ಗೋಲ್ಡ್ 200 ಇಂದ ಶುರು ಮಾಡಿ, ಎರಡೂ ಅಷ್ಟಿಷ್ಟು ತಪ್ಪನ್ನ ಕ್ಷಮಿಸ್ತವೆ. ನಮ್ಮ ಪಕ್ಕದ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮಾಡ್ತಿದ್ದ ಇಂದು ಫಿಲ್ಮ್ ಈಗ ಇಲ್ಲ, ಅದಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ಪ್ರತಿ ಸಲ ರೀಲ್ ಕೊಳ್ಳುವಾಗ ಅನ್ಸತ್ತೆ.

ನೆರಳಲ್ಲಿ ನಿಂತು ಫಿಲ್ಮಿನ ನಾಲಿಗೆಯನ್ನ ಬಲಗಡೆ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಪಕ್ಕದ ತೂತುಗಳು ಹಲ್ಲಿಗೆ ಕೂತಿದೆಯಾ ನೋಡಿ, ಒಂದು ಸಲ ಲಿವರ್ ಎಳೆದು ಆಮೇಲೆ ಬಾಗಿಲು ಮುಚ್ಚಿ. ಈಗ ಎಡಗಡೆ ರಿವೈಂಡ್ ಹಿಡಿಯನ್ನ ಮೆಲ್ಲಗೆ ತಿರುಗಿಸಿ ಬಿಗಿ ಮಾಡಿ, ಮತ್ತೆ ಲಿವರ್ ಎಳೀರಿ. ಆ ಹಿಡಿ ತನ್ನಷ್ಟಕ್ಕೆ ಹಿಂದಕ್ಕೆ ತಿರುಗಿದ್ರೆ ಫಿಲ್ಮ್ ನಿಜವಾಗ್ಲೂ ಮುಂದೆ ಹೋಗ್ತಿದೆ. ನಾನು ಇದನ್ನ ನೋಡದೆ ಹಂಪಿಗೆ ಹೋಗಿದ್ದೆ. ಎರಡು ದಿನ, ಮಾತಂಗ ಬೆಟ್ಟದ ಸೂರ್ಯೋದಯ, ವಿಠ್ಠಲ ದೇವಸ್ಥಾನ, ಹೊಳೆ ದಾಟಿಸೋ ತೆಪ್ಪದವರು, ಎಲ್ಲ ತೆಗೆದೆ ಅಂದ್ಕೊಂಡೆ. ನಂಬರ್ 36 ದಾಟಿ 40ಕ್ಕೆ ಹೋದಾಗ ಎದೆ ಧಸಕ್ಕಂತು. ಫಿಲ್ಮ್ ಸ್ಪೂಲಿಂದ ಜಾರಿ ಹಾಕಿದ ಜಾಗದಲ್ಲೇ ಇತ್ತು. ಆವತ್ತಿಂದ ಪ್ರತಿ ರೀಲಿಗೂ ಮೊದಲ ಮೂರು ಕ್ಲಿಕ್ ಆ ಹಿಡಿ ನೋಡದೆ ಮುಂದೆ ಹೋಗಲ್ಲ.

ಐಎಸ್‌ಒ ಚಕ್ರ ಫಿಲ್ಮಿಗೆ ಸರಿಯಾಗಿ ಇಡಿ, ಲೆನ್ಸ್ ಕ್ಯಾಪ್ ತೆಗೀರಿ. ಕಿಟಕಿ ಲೆನ್ಸಿಂದ ಬೇರೆ ಆಗಿರೋದ್ರಿಂದ ಕ್ಯಾಪ್ ಹಾಕಿದ್ರೂ ಎಲ್ಲ ಚೆನ್ನಾಗೇ ಕಾಣತ್ತೆ, ಹಾಗಾಗಿ ಕ್ಯಾಪನ್ನ ಬ್ಯಾಗಲ್ಲೇ ಇಟ್ಟು ಕುತ್ತಿಗೆಗೆ ಹಾಕ್ಕೊಳ್ಳೋದು ಒಳ್ಳೇದು.

ಫೋಟೋ ತೆಗೆಯೋದು

ಮೊದಲ ರೀಲಿನ ಮೊದಲ ಫೋಟೋ ನಮ್ಮ ಅಜ್ಜೀದು. ಬೆಳಗ್ಗೆ ಹೊತ್ತು ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ರು. ಕಣ್ಣಿಟ್ಟು ನೋಡಿದ್ರೆ ಹಳದಿ ಚೌಕದೊಳಗೆ ಅಜ್ಜಿಗೆ ಎರಡು ಮೂಗುಬೊಟ್ಟು, ಒಂದು ಗಟ್ಟಿಯಾಗಿ, ಇನ್ನೊಂದು ನೀರಲ್ಲಿ ಕಂಡ ಹಾಗೆ ತೆಳ್ಳಗೆ. ಲೆನ್ಸ್ ತಿರುಗಿಸ್ತಾ ಹೋದ ಹಾಗೆ ತೆಳ್ಳಗಿನದ್ದು ಜಾರಿಕೊಂಡು ಬಂತು, ಗಲ್ಲ ದಾಟಿ, ಮೂಗಿನ ಹತ್ತಿರ, ಆಮೇಲೆ ಎರಡೂ ಸೇರಿ ಒಂದೇ ಹೊಳಪಾಯ್ತು. ಮುಖದ ಮೇಲೆ ಫೋಕಸ್ ಮಾಡುವಾಗ ಹೀಗೆ ಹೊಳೆಯೋದನ್ನೋ ಗೆರೆಯಂಥದ್ದನ್ನೋ ಹುಡುಕಿ: ಕನ್ನಡಕದ ಅಂಚು, ಕಾಲರ್, ಬಾಗಿಲ ಚೌಕಟ್ಟು. ಬರೀ ಗೋಡೆಗೋ ಸೀರೆಯ ನುಣ್ಪಿಗೋ ಚೌಕ ಇಟ್ರೆ ಸೇರಿದ್ದು ಗೊತ್ತಾಗಲ್ಲ. 0.8 ಮೀಟರ್‌ಗಿಂತ ಹತ್ತಿರ ಯಾಶಿಕಾ ಹೋಗಲ್ಲ.

ಯಾಶಿಕಾದ ಶಟರ್ ಬಟನ್ ಅರ್ಧ ಒತ್ತಿದಾಗ ಕೆಂಪು ದೀಪ ಬಂದ್ರೆ ಬೆಳಕು ಜಾಸ್ತಿ, ಬಾಣದ ಗುರುತಿನ ಕಡೆಗೆ ಅಪರ್ಚರ್ (ಲೆನ್ಸಿನ ಬೆಳಕಿನ ಕಂಡಿ ಹಿಗ್ಗಿಸಿ ಕುಗ್ಗಿಸೋ ಚಕ್ರ) ತಿರುಗಿಸಿ. ಹಳದಿ ಬಂದ್ರೆ ಸ್ಪೀಡ್ 1/30ಕ್ಕಿಂತ ಕಮ್ಮಿ, ಕಂಬಕ್ಕೆ ಒರಗಿ, ಉಸಿರು ಬಿಟ್ಟು ಒತ್ತಿ. ಕನ್ನಡಿ ಮೇಲೇಳೋ ಗದ್ದಲ ಇಲ್ಲದ್ದರಿಂದ 1/15ರಲ್ಲೂ ಕೈ ನಿಲ್ಲತ್ತೆ. ಸದ್ದೂ ಎಷ್ಟು ಸಣ್ಣದು ಅಂದ್ರೆ ಅಜ್ಜಿ ಕಾಯಿ ಬಿಡಿಸ್ತಾನೇ "ಯಾವಾಗ ತೆಗೀತೀಯೋ ಮಗಾ" ಅಂದ್ರು, ಅಷ್ಟೊತ್ತಿಗೆ ತೆಗೆದಾಗಿತ್ತು.

ನನಗೆ ಈ ಕ್ಯಾಮೆರಾಗಳ ಮೇಲೆ ಪ್ರೀತಿ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ವ್ಯೂಫೈಂಡರ್ ಒಳಗೆ ಹೊಳೆಯೋ ಗೆರೆಯ ಚೌಕಟ್ಟು ಕಾಣತ್ತೆ, ಅದರ ಹೊರಗಿನ ಜಗತ್ತೂ ಸ್ವಲ್ಪ ಕಾಣತ್ತೆ. ಓಡಿ ಬರ್ತಿರೋ ಮಗು ಚೌಕಟ್ಟಿನೊಳಗೆ ಕಾಲಿಡೋಕೆ ಮುಂಚೆನೇ ನಿಮಗೆ ಗೊತ್ತಿರತ್ತೆ. ಕ್ಲಿಕ್ ಆಗೋ ಕ್ಷಣದಲ್ಲೂ ಕಣ್ಣಿಗೆ ಕತ್ತಲೆ ಕವಿಯಲ್ಲ, ಅವರು ಕಣ್ಣು ಮಿಟುಕಿಸಿದ್ರಾ ಇಲ್ವಾ ಅಂತ ಅಲ್ಲೇ ಕಾಣತ್ತೆ.

ಒಂದರಿಂದ ನಾಲ್ಕಾದಾಗ

ಸಂಗ್ರಹ ಬೆಳೆಯೋದು ಸಹಜ, ನನ್ನ ಹತ್ತಿರ ಈಗ ನಾಲ್ಕಿವೆ. ನಾನು ಇಟ್ಕೊಂಡಿರೋ ನಿಯಮ ಒಂದೇ, ವರ್ಷಕ್ಕೆ ಒಂದು ರೀಲಾದ್ರೂ ಹಾಕದ ಕ್ಯಾಮೆರಾನ ಬೇರೆಯವರಿಗೆ ಕೊಟ್ಟುಬಿಡೋದು. ಚರ್ಮದ ಕೇಸಲ್ಲಿ ಇಡಬೇಡಿ, ಅದು ತೇವ ಹೀರಿ ಫಂಗಸ್ ಬೆಳೆಸತ್ತೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಬಣ್ಣ ತಿರುಗಿದಾಗ ಜೆಲ್ ಬದಲಾಯಿಸಿ. ಬ್ಯಾಟರಿ ತೆಗೆದಿಡಿ, ಶಟರ್ ಎಳೆದು ಇಡಬೇಡಿ, ತಿಂಗಳಿಗೊಮ್ಮೆ ಎಲ್ಲ ಸ್ಪೀಡಲ್ಲೂ ಒಂದೆರಡು ಕ್ಲಿಕ್ ಮಾಡಿ.

ರೀಲ್ ಮುಗಿದ ಮೇಲೆ

ತಳದ ಗುಂಡಿ ಒತ್ತಿ ರಿವೈಂಡ್ ಮಾಡಿ, ಬಿಗಿ ಸಡಿಲಾಗಿ ಹಿಡಿ ಹಗುರಾಗೋವರೆಗೂ ಬಾಗಿಲು ತೆಗೀಬೇಡಿ. ರೀಲ್ ತೊಳೆಯೋ ಲ್ಯಾಬ್‌ಗಳು ದೊಡ್ಡ ಊರುಗಳಲ್ಲಿ ಇನ್ನೂ ಇವೆ, ಕೊರಿಯರ್‌ನಲ್ಲೂ ತಗೊಳ್ತಾರೆ. ಸ್ಕ್ಯಾನ್ ಜೊತೆ ನೆಗೆಟಿವ್ ವಾಪಸ್ ಬೇಕು ಅಂತ ಮೊದಲೇ ಬರೆದು ಕಳಿಸಿ. ಕಪ್ಪು ಬಿಳುಪನ್ನ ಮನೇಲೇ ತೊಳೀಬಹುದು, ಎಚ್‌ಪಿ5 ಪ್ಲಸ್‌ಗೆ ಮತ್ತೆ ನೀರು ಬೆರೆಸಿ ತೆಳು ಮಾಡದ ಡಿ-76 ಡೆವಲಪರ್ ದ್ರಾವಣದಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ನಮ್ಮ ನಲ್ಲಿ ನೀರು ಅದಕ್ಕಿಂತ ಬೆಚ್ಚಗಿರತ್ತೆ, ಬಾಟಲನ್ನ ಐಸ್ ಹಾಕಿದ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ಥರ್ಮಾಮೀಟರ್ ನೋಡಿ ಶುರು ಮಾಡಿ.

ಅಜ್ಜಿಯ ರೀಲನ್ನ ನಾನು ಬಚ್ಚಲುಮನೇಲಿ ತೊಳೆದು, ಬಟ್ಟೆ ಕ್ಲಿಪ್ ಸಿಕ್ಕಿಸಿ ನೇತುಹಾಕಿ, ಒಣಗಿದ ಮೇಲೆ ಟ್ಯೂಬ್‌ಲೈಟಿಗೆ ಹಿಡಿದು ಅವರಿಗೇ ತೋರಿಸ್ದೆ. ನೆಗೆಟಿವ್‌ನಲ್ಲಿ ಬಿಳಿ ಕೂದಲು ಕಪ್ಪಾಗಿತ್ತು. ಅಜ್ಜಿ ಕನ್ನಡಕ ಏರಿಸಿ ಹತ್ತಿರ ತಂದು ನೋಡಿ, ಮೂಗಿನ ಮೇಲಿದ್ದ ಸಾಸಿವೆಯಷ್ಟು ಕಪ್ಪು ಚುಕ್ಕೆಗೆ ಬೆರಳಿಟ್ಟು "ಇದು ನನ್ನ ಬೊಟ್ಟು" ಅಂದ್ರು.