ಭಾನುವಾರದ ತಿಂಡಿಗೆ 3 ಟ್ರೇ ಮೊಟ್ಟೆ

ಸಕಲೇಶಪುರದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ರೂಮುಗಳೆಲ್ಲ ತುಂಬಿದರೆ 40 ಜನ. ಅಡುಗೆ ನನ್ನದು, ಕೈ ಜೋಡಿಸೋಕೆ ಇಬ್ಬರು ಇದ್ದಾರೆ. 40 ಜನಕ್ಕೆ ಉಪ್ಪಿಟ್ಟು ಮಾಡುವುದು ದೊಡ್ಡ ಮಾತಲ್ಲ. ಮೊಟ್ಟೆ ಹಾಗಲ್ಲ. ಯಾಕಂದರೆ 40 ಜನ ಒಟ್ಟಿಗೆ ಬರುವುದಿಲ್ಲ. ಟ್ರೆಕ್ಕಿಂಗ್ ಹೊರಟ ಹುಡುಗರು ಏಳೂವರೆಗೇ ತಟ್ಟೆ ಹಿಡಿದು ನಿಲ್ಲುತ್ತಾರೆ. ರಾತ್ರಿ ಕ್ಯಾಂಪ್‌ಫೈರ್ ಮುಂದೆ ಹರಟೆ ಹೊಡೆದವರು ಹತ್ತು ಗಂಟೆಗೆ ಕಣ್ಣುಜ್ಜಿಕೊಂಡು ಬರುತ್ತಾರೆ. ಅಷ್ಟು ಹೊತ್ತು ಉಪ್ಪಿಟ್ಟು ಹಾಟ್‌ಬಾಕ್ಸಿನಲ್ಲಿ ಕೂತಿರುತ್ತದೆ. ಆಮ್ಲೆಟ್ಟು ಹತ್ತು ನಿಮಿಷಕ್ಕೇ ರಬ್ಬರ್ ಥರ ಆಗುತ್ತದೆ. ಅದಕ್ಕೇ ನಾನು ‘ನಿಮಗೆ ಮೊಟ್ಟೆ ಹೇಗೆ ಬೇಕು’ ಅಂತ ಯಾರನ್ನೂ ಕೇಳುವುದಿಲ್ಲ. ಯಾವುದನ್ನು ಮೊದಲೇ ಮಾಡಿಡಬಹುದು, ಯಾವುದನ್ನು ಆಗಲೇ ಮಾಡಿ ಬಡಿಸಬೇಕು ಅಂತ ನೋಡಿಕೊಂಡು ನಾನೇ ತೀರ್ಮಾನ ಮಾಡುತ್ತೇನೆ.

ಮೊದಲು ಲೆಕ್ಕ. ತಿನ್ನುವವರಿಗೆ ತಲಾ 2 ಮೊಟ್ಟೆ. ಆದರೆ ಶನಿವಾರ ಬೆಳಿಗ್ಗೆ ಅರ್ಧಕ್ಕಿಂತ ಜಾಸ್ತಿ ಜನ ಮುಟ್ಟುವುದೇ ಇಲ್ಲ. ‘ಇವತ್ತು ಶನಿವಾರ ಅಲ್ವಾ ಅಕ್ಕ’ ಅನ್ನುತ್ತಾರೆ. ಅವತ್ತೇ ರಾತ್ರಿ 12 ಹೊಡೆಯಲಿ ಅಂತ ಕಾದು ಕೂತು ಚಿಕನ್ ತಿಂದವರನ್ನೂ ನೋಡಿದ್ದೇನೆ, ಅದು ಬೇರೆ ವಿಷಯ. ಶನಿವಾರಕ್ಕೆ 30 ಮೊಟ್ಟೆಯ ಒಂದು ಟ್ರೇ ಸಾಕು. ಭಾನುವಾರಕ್ಕೆ 3 ಟ್ರೇ ಇಲ್ಲದಿದ್ದರೆ ನನಗೆ ನಿದ್ದೆ ಬರಲ್ಲ. ಶ್ರಾವಣದಲ್ಲಿ ಮಾತ್ರ ಈ ಲೆಕ್ಕ ನಡೆಯಲ್ಲ.

ಭಾನುವಾರಕ್ಕೆ ಬೇಯಿಸುವ ಮೊಟ್ಟೆಯನ್ನು ಬುಧವಾರವೇ ತರಿಸಿಡುತ್ತೇನೆ. ತೀರಾ ಹೊಸ ಮೊಟ್ಟೆಯ ಸಿಪ್ಪೆ ಸುಲಿಯಲು ಬರುವುದಿಲ್ಲ, ಬಿಳಿ ಭಾಗ ಕಿತ್ತು ಬರುತ್ತದೆ. ನಾಲ್ಕೈದು ದಿನ ಕಳೆದರೆ ಸುಲಭ. ನಮ್ಮ ಮನೆಯ ನಾಟಿ ಕೋಳಿ ಅವತ್ತು ಇಟ್ಟ ಮೊಟ್ಟೆಯನ್ನು ಅದೇ ಕಾರಣಕ್ಕೆ ಬೇಯಿಸುವುದಿಲ್ಲ, ಬುರ್ಜಿಗೆ ಹಾಕುತ್ತೇನೆ.

ಇನ್ನು ಬೇಯಿಸುವುದು. ದೊಡ್ಡ ಪಾತ್ರೆಯಲ್ಲಿ ಕುದಿಯುವ ನೀರಿಗೆ 30 ಮೊಟ್ಟೆ ಹಾಕಿದರೆ ನೀರು ತಕ್ಷಣ ತಣ್ಣಗಾಗುತ್ತದೆ. ಮತ್ತೆ ಕುದಿ ಬರಲು ಎಷ್ಟು ಹೊತ್ತು ಅಂತ ಹೇಳಲಿಕ್ಕಾಗದು, ಗ್ಯಾಸ್ ಉರಿಯ ಮೇಲೆ ಹೋಗುತ್ತದೆ. ಸಾಲದ್ದಕ್ಕೆ ಒಂದಕ್ಕೊಂದು ತಾಗಿ ಒಡೆಯುತ್ತವೆ. ಹಾಗಾಗಿ ನಾನು ಹಬೆಯಲ್ಲಿ ಬೇಯಿಸುತ್ತೇನೆ. ದೊಡ್ಡ ಇಡ್ಲಿ ಪಾತ್ರೆಯ ತಳದಲ್ಲಿ ಎರಡು ಇಂಚು ನೀರು, ಮೇಲೆ ತೂತಿನ ತಟ್ಟೆ. ಹಬೆ ಜೋರಾಗಿ ಬಂದ ಮೇಲೆ ಮೊಟ್ಟೆ ಜೋಡಿಸಿ ಮುಚ್ಚಳ ಹಾಕುತ್ತೇನೆ. ಮುಚ್ಚಿದಾಗಿನಿಂದ 13 ನಿಮಿಷ. ಮಂಗಳೂರಿನ ನಮ್ಮ ನಾದಿನಿಗೆ 12 ನಿಮಿಷಕ್ಕೇ ಆಗುತ್ತದಂತೆ. ನಾವಿರುವುದು ಸಮುದ್ರಕ್ಕಿಂತ ಸುಮಾರು 950 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಹಬೆಯೂ ಅಷ್ಟೇ ಬಿಸಿ. ಅದಕ್ಕೆ ನಿಮಿಷ ಜಾಸ್ತಿ. ನಿಮ್ಮ ಪಾತ್ರೆಗೆ ಎಷ್ಟು ಬೇಕು ಅಂತ ತಿಳಿಯಬೇಕಾದರೆ ಒಂದು ಮೊಟ್ಟೆ ತೆಗೆದು ಕೊಯ್ದು ನೋಡಿ.

ಹೊತ್ತು ಮೀರಿದರೆ ಹಳದಿಯ ಸುತ್ತ ಹಸಿರು ಗೆರೆ ಬರುತ್ತದೆ. ಬಿಳಿಯಲ್ಲಿರುವ ಗಂಧಕ, ಹಳದಿಯಲ್ಲಿರುವ ಕಬ್ಬಿಣ ಸೇರಿ ಆಗುವ ಬಣ್ಣ ಅದು. ತಿಂದರೆ ಏನೂ ಆಗಲ್ಲ, ಆದರೆ ನೋಡಿದವರು ಹಳಸಿದೆ ಅಂದುಕೊಳ್ಳುತ್ತಾರೆ. ಇಳಿಸಿದ ಕೂಡಲೇ ತಣ್ಣೀರಿಗೆ ಹಾಕಿದರೆ ಆ ಗೆರೆ ಬರುವುದು ಕಡಿಮೆ. ನಮ್ಮ ಬಾವಿ ನೀರು ಬೆಳಿಗ್ಗೆ ಎಷ್ಟು ತಣ್ಣಗಿರುತ್ತದೆ ಅಂದರೆ ಐಸ್ ಬೇಕಾಗಿಲ್ಲ. ಒಮ್ಮೆ ನೀರು ಬದಲಾಯಿಸಿ, ನೀರೊಳಗೇ ಸಿಪ್ಪೆ ಸುಲಿಯುತ್ತೇವೆ.

ಬರೀ ಬೇಯಿಸಿದ ಮೊಟ್ಟೆ ಇಟ್ಟರೆ ಅರ್ಧ ಉಳಿಯುತ್ತದೆ. ಅದನ್ನು ಖಾಲಿ ಮಾಡಿಸುವುದು ಕಾಳುಮೆಣಸು. ಮೊಟ್ಟೆಯನ್ನು ಎರಡು ಹೋಳು ಮಾಡಿ, ಕಾವಲಿಯ ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ, ಕರಿಬೇವು, ಚಿಟಿಕೆ ಅರಿಶಿನ, ಉಪ್ಪು, ಆಗಷ್ಟೇ ಕುಟ್ಟಿದ ಮೆಣಸು ಹಾಕಿ ಹೋಳುಗಳನ್ನು ಬೋರಲು ಹಾಕುತ್ತೇನೆ. ಒಂದು ನಿಮಿಷ ಸಾಕು. ತಿನ್ನುವವರು ಬಂದ ಮೇಲೆ ಮಾಡಿದರೂ ಅವರನ್ನು ಕಾಯಿಸಿದಂತೆ ಆಗಲ್ಲ. ಮೆಣಸು ನಮ್ಮ ತೋಟದ್ದೇ, ಆದ್ದರಿಂದ ಕೈ ಸ್ವಲ್ಪ ಧಾರಾಳ. ಅಕ್ಕಿ ರೊಟ್ಟಿ ಜೊತೆ ಇದನ್ನು ತಿಂದವರು ಆಮ್ಲೆಟ್ ಕೇಳುವುದು ಕಡಿಮೆ.

ಬುರ್ಜಿಗೆ ಒಗ್ಗರಣೆ ಮೊದಲೇ ರೆಡಿ. ಈರುಳ್ಳಿ, ಹಸಿಮೆಣಸು, ಟೊಮೇಟೊ ಹಾಕಿ ನೀರು ಪೂರ್ತಿ ಆರುವವರೆಗೆ ಬಾಡಿಸಿ ಇಟ್ಟುಕೊಳ್ಳುತ್ತೇನೆ. ಟೊಮೇಟೊ ನೀರು ಉಳಿದರೆ ಬುರ್ಜಿ ತಟ್ಟೆಯಲ್ಲೇ ನೀರು ಬಿಡುತ್ತದೆ. ಮೊಟ್ಟೆ ಮಾತ್ರ ಒಂದು ಸಲಕ್ಕೆ 10, ಅದಕ್ಕಿಂತ ಜಾಸ್ತಿ ಇಲ್ಲ. ಪ್ರತಿ ಮೊಟ್ಟೆಯನ್ನೂ ಸಣ್ಣ ಬಟ್ಟಲಿಗೆ ಒಡೆದು ನೋಡಿಯೇ ದೊಡ್ಡ ಪಾತ್ರೆಗೆ ಸುರಿಯಬೇಕು. ಹತ್ತನೆಯದು ಕೊಳೆತಿದ್ದರೆ ಒಂಬತ್ತೂ ಹೋಗುತ್ತವೆ. ಇನ್ನೂ ಸ್ವಲ್ಪ ಹಸಿ ಹಸಿ ಇದೆ ಅನ್ನುವಾಗಲೇ ಉರಿ ಆರಿಸಿ. ಬಾಣಲೆಯ ಬಿಸಿಗೇ ಉಳಿದದ್ದು ಬೇಯುತ್ತದೆ.

ಆಮ್ಲೆಟ್ ಬೇಕೇ ಬೇಕು ಅನ್ನುವ ಮಕ್ಕಳಿಗೆ ಇಡ್ಲಿ ತಟ್ಟೆ. ಗುಳಿಗಳಿಗೆ ತುಪ್ಪ ಸವರಿ, ಗೊಟಾಯಿಸಿದ ಮೊಟ್ಟೆಯನ್ನು ಮುಕ್ಕಾಲು ಭಾಗ ಸುರಿದು 8 ನಿಮಿಷ ಹಬೆಯಲ್ಲಿಡುತ್ತೇನೆ. ಉಬ್ಬಿ ಬರುತ್ತದೆ, ಇಳಿಸಿದ ಮೇಲೆ ಕುಗ್ಗುತ್ತದೆ. ಮಕ್ಕಳಿಗೆ ಖುಷಿ. ಅಂಚು ಕೆಂಪಗಾದ ಆಮ್ಲೆಟ್ಟೇ ಬೇಕು ಅನ್ನುವ ಗಂಡಸರು ಮಾತ್ರ ಇದಕ್ಕೆ ಒಪ್ಪಲ್ಲ. ಅವರಿಗೆ ಒಂಬತ್ತು ಗಂಟೆಯ ನಂತರ, ಗಲಾಟೆ ಕಡಿಮೆ ಆದ ಮೇಲೆ. ಬುಲ್ಸ್ ಐ ಕೂಡ ಆಗಲೇ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಹಳದಿ ಹರಿಯುವ ಮೊಟ್ಟೆ ಕೊಡುವುದಿಲ್ಲ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ.

ಮೊಟ್ಟೆ ತಿನ್ನದವರ ದೋಸೆಗೆ ಬೇರೆ ಒಲೆ, ಬೇರೆ ಕಾವಲಿ, ಬೇರೆ ಮಗುಚುವ ಕೈ. ಈ ಮೂರರಲ್ಲಿ ಒಂದು ಅದಲು ಬದಲಾದರೂ ನಾನು ಸುಮ್ನೆ ಇರಲ್ಲ. ಮೊಟ್ಟೆ ಪಾತ್ರೆಗೆ ಬಿಸಿನೀರು ಹಾಕಿದರೆ ಅಂಟಿದ್ದು ಬೆಂದು ಇನ್ನೂ ಗಟ್ಟಿಯಾಗುತ್ತದೆ. ಮೊದಲು ತಣ್ಣೀರಲ್ಲಿ ತೊಳೆದು, ಆಮೇಲೆ ಹುಣಸೆಹಣ್ಣು ಹಾಕಿ ಉಜ್ಜಿದರೆ ವಾಸನೆ ಹೋಗುತ್ತದೆ.

ಸಿಪ್ಪೆ ಸುಲಿಯದೆ ಉಳಿದ ಮೊಟ್ಟೆ ತಣ್ಣಗಾದ ಕೂಡಲೇ ಫ್ರಿಜ್ಜಿಗೆ ಹೋಗುತ್ತದೆ. ಸಂಜೆ ಮಳೆ ಬಂದರೆ ಕಡಲೆಹಿಟ್ಟು ಕಲಸಿ ಬೋಂಡ ಕರಿಯುತ್ತೇವೆ. ಬೆಳಿಗ್ಗೆ ‘ನನಗೆ ಮೊಟ್ಟೆ ಆಗಲ್ಲ’ ಅಂದಿದ್ದ ಒಬ್ಬಿಬ್ಬರು ಆಗ ಕಾಫಿ ಲೋಟ ಹಿಡಿದು ಒಲೆ ಹತ್ತಿರವೇ ಸುಳಿದಾಡುತ್ತಾರೆ.