ಹಾಲಿನ ಪೈಪು ಉಳಿಯಿತು, ನೀರಿನ ಪೈಪು ತೂತಾಯಿತು

ನಮ್ಮ ಡೈರಿಯಲ್ಲಿ ಹಾಲು ಹರಿಯುವ ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳಿಗೆ ಈಗ 18 ವರ್ಷ. ಬಿಚ್ಚಿ ನೋಡಿದರೆ ಒಳಗೆ ಇವತ್ತಿಗೂ ಕನ್ನಡಿಯ ಹಾಗೆ ಹೊಳೆಯುತ್ತವೆ. ಅದೇ ಕಟ್ಟಡದಲ್ಲಿ ಒಂಬತ್ತು ವರ್ಷದ ಹಿಂದೆ ನೀರಿಗೆ ಅಂತ ಹಾಕಿಸಿದ ಹೊಸ ಲೈನು ಏಳೇ ತಿಂಗಳಿಗೆ ಸೋರಿತು. ಎರಡೂ 304ಎಲ್ ದರ್ಜೆಯ ಪೈಪು. ಎರಡರ ಟೆಸ್ಟ್ ಸರ್ಟಿಫಿಕೇಟೂ ಸರಿಯಾಗೇ ಇತ್ತು.

ಊರು ಬಯಲುಸೀಮೆಯದು. ಕೆರೆ ನೀರು ನೆಚ್ಚುವ ಹಾಗಿಲ್ಲ, ಎಲ್ಲಕ್ಕೂ ಬೋರ್‌ವೆಲ್ಲೇ ಗತಿ. ನಾನು ಅಲ್ಲಿ ಮೆಕ್ಯಾನಿಕಲ್ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಒಂದು ದಿನ ಬೆಳಗಿನ ಪಾಳಿಯ ಫಿಟ್ಟರ್ ಓಡಿ ಬಂದು, "ಸಾರ್, ಹೊಸ ಲೈನ್ ಬೆವರ್ತಾ ಐತೆ" ಎಂದ. ಹೋಗಿ ನೋಡಿದೆ. ಪೈಪಿನ ಹೊಟ್ಟೆಯಡಿ, ವೆಲ್ಡಿನ ಪಕ್ಕದಲ್ಲೇ ಒಂದು ಹನಿ. ಒರೆಸಿದೆ. ಎರಡು ನಿಮಿಷಕ್ಕೆ ಮತ್ತೆ ಬಂತು. ತೂತು ಸೂಜಿಮೊನೆಯಷ್ಟೂ ಇರಲಿಲ್ಲ. ಹತ್ತು ದಿನದೊಳಗೆ 120 ಮೀಟರ್ ಲೈನಿನಲ್ಲಿ ಅಂಥವು 11 ಸಿಕ್ಕವು. ಎಲ್ಲವೂ ವೆಲ್ಡಿನ ಹತ್ತಿರ, ಎಲ್ಲವೂ ಪೈಪಿನ ಕೆಳಭಾಗದಲ್ಲಿ.

ಒಂದು ಜಾಯಿಂಟನ್ನು ಕತ್ತರಿಸಿ ಉದ್ದಕ್ಕೆ ಸೀಳಿಸಿದೆ. ಒಳಗೆ ವೆಲ್ಡಿನ ಮೇಲೆ ಕೆಂಗಂದು ಬಣ್ಣದ ಚಿಕ್ಕ ಗುಡ್ಡೆ ಅಂಟಿಕೊಂಡಿತ್ತು, ಹುತ್ತದ ಹಾಗೆ. ಕೆರೆದು ತೆಗೆದರೆ ಅಡಿಯಲ್ಲಿ ಹೆಸರುಕಾಳು ಕೂರುವಷ್ಟು ಗುಂಡಿ. ಪೈಪಿನ ದಪ್ಪವೇ 3 ಮಿಲಿಮೀಟರ್. ಗುಂಡಿಯ ಸುತ್ತ ಒಂದಿಂಚು ಆಚೆ ಲೋಹ ಹೊಸದರ ಹಾಗೇ ಇತ್ತು. ಸ್ಟೇನ್‌ಲೆಸ್ ಹಾಳಾಗುವ ರೀತಿಯೇ ಇದು. ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ಪೈಪು ಮೈಯೆಲ್ಲಾ ತುಕ್ಕು ಹಿಡಿದು ನಿಧಾನಕ್ಕೆ ತೆಳುವಾಗುತ್ತದೆ, ನಮಗೆ ಮೊದಲೇ ಸುಳಿವು ಕೊಡುತ್ತದೆ. ಎಸ್‌ಎಸ್, ಅಂದರೆ ಸ್ಟೇನ್‌ಲೆಸ್, ಹಾಗಲ್ಲ. ಅದರಲ್ಲಿ ತುಕ್ಕು ಒಂದೇ ಚುಕ್ಕೆಯನ್ನು ಹಿಡಿದು ಕೊರೆಯುತ್ತದೆ.

ಕಾರಣ ಹುಡುಕುತ್ತಾ ಹೋದಾಗ ಎಲ್ಲವೂ ಲೈನ್ ಶುರುವಾಗುವ ಮೊದಲಿನ ದಿನಗಳಿಗೇ ಹೋಗಿ ನಿಂತಿತು.

ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರೊಳಗಿನ ಕ್ರೋಮಿಯಂ. 304ರಲ್ಲಿ ಅದು ಸುಮಾರು 18 ಶೇಕಡಾ ಇರುತ್ತದೆ. ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ಗೀಚಿದರೂ ಆ ಪೊರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ವೆಲ್ಡ್ ಮಾಡುವಾಗ ಪೈಪಿನೊಳಗೆ ಗಾಳಿ ಉಳಿದಿದ್ದರೆ, ಬಿಸಿಗೆ ಲೋಹ ನೀಲಿ, ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣದ ಪದರದ ಅಡಿಯಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ. ಅದಕ್ಕೇ ಪೈಪಿನೊಳಗೆ ಆರ್ಗಾನ್ ತುಂಬಿ ಪರ್ಜಿಂಗ್ ಮಾಡುವುದು. ನಮ್ಮ ಲೈನಿನಲ್ಲಿ ಸಿಲಿಂಡರ್ ಉಳಿಸಲು ಪರ್ಜಿಂಗ್ ಅರ್ಧಂಬರ್ಧ ಆಗಿತ್ತು. ಸೀಳಿದ ಜಾಯಿಂಟು ಒಳಗೆ ಕಡುನೀಲಿ. ಹೊರಗಿನಿಂದ ಮಾತ್ರ ವೆಲ್ಡು ಬಹಳ ಚೆಂದ ಕಾಣುತ್ತಿತ್ತು, ನಾನು ನೋಡಿದ್ದೂ ಹೊರಗಿನಿಂದಲೇ.

ಎರಡನೆಯದು ಹೈಡ್ರೋ ಟೆಸ್ಟ್, ಅಂದರೆ ಪೈಪಿಗೆ ನೀರು ತುಂಬಿ ಒತ್ತಡ ಏರಿಸಿ ಸೋರುತ್ತದೆಯೇ ಎಂದು ನೋಡುವುದು. ಡಿಸೈನ್ ಒತ್ತಡದ ಒಂದೂವರೆ ಪಟ್ಟು ಏರಿಸಿದೆವು, ಒಂದು ಹನಿ ಸೋರಲಿಲ್ಲ. ರಿಪೋರ್ಟಿಗೆ ಸಹಿ ಹಾಕಿದವನು ನಾನೇ. ಆದರೆ ತುಂಬಿದ್ದು ಬೋರ್‌ವೆಲ್ ನೀರು. ಪಂಪು ಬರುವುದು ತಡವಾಯಿತು ಅಂತ ಆ ನೀರು ಐದು ವಾರ ಪೈಪಿನೊಳಗೇ ನಿಂತಿತು. ಆಮೇಲೆ ಲ್ಯಾಬಿಗೆ ಕೊಟ್ಟಾಗ ಕ್ಲೋರೈಡ್ ಲೀಟರಿಗೆ 340 ಮಿಲಿಗ್ರಾಂ ಬಂತು. ಕ್ಲೋರೈಡ್ ಈ ಪೊರೆಯ ಮುಖ್ಯ ಶತ್ರು. ಜೊತೆಗೆ ನೀರಿನಲ್ಲಿದ್ದ ಕೆಸರು ತಳಕ್ಕೆ ಕೂತು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು, ವೆಲ್ಡಿನ ಮೇಲೆ ಗುಡ್ಡೆ ಕಟ್ಟಿತ್ತು. ಅದರಡಿಗೆ ಆಮ್ಲಜನಕ ಹೋಗದಿದ್ದ ಮೇಲೆ ಪೊರೆ ಮತ್ತೆ ಕಟ್ಟುವುದೆಲ್ಲಿ? ಕೊರೆತ ಆ ಐದು ವಾರದಲ್ಲೇ ಶುರುವಾಗಿತ್ತು. ಹೊರಗೆ ಕಾಣಲು ಏಳು ತಿಂಗಳು ಬೇಕಾಯಿತು ಅಷ್ಟೆ.

ಹಾಗಾದರೆ ಹಾಲಿನ ಪೈಪು ಹೇಗೆ ಉಳಿಯಿತು? ಹಾಲಿನಲ್ಲೂ ಕ್ಲೋರೈಡ್ ಇದೆಯಲ್ವಾ? ಇದೆ. ಆದರೆ ಆ ಪೈಪಿನಲ್ಲಿ ಏನೂ ನಿಲ್ಲುವುದಿಲ್ಲ. ಪ್ರತಿದಿನ ಸಿಐಪಿ, ಅಂದರೆ ಪೈಪು ಬಿಚ್ಚದೆಯೇ ಒಳಗೆ ತೊಳೆಯುವ ಕೆಲಸ, ನಡೆಯುತ್ತದೆ. ಮೊದಲು ನೀರು, ಆಮೇಲೆ ಬಿಸಿ ಕಾಸ್ಟಿಕ್ ಸೋಡಾ ದ್ರಾವಣ, ಮತ್ತೆ ನೀರು, ಆಮೇಲೆ ಸುಮಾರು 1 ಶೇಕಡಾ ನೈಟ್ರಿಕ್ ಆಸಿಡ್, ಕೊನೆಗೆ ನೀರು. ಆ ನೈಟ್ರಿಕ್ ಆಸಿಡ್ ಹಾಲಿನ ಕಲ್ಲು (ಹಾಲಿನ ಖನಿಜ ಗಟ್ಟಿಯಾಗಿ ಅಂಟಿದ ಪದರ) ತೆಗೆಯುವುದರ ಜೊತೆಗೆ ಪೊರೆಗೂ ಒಳ್ಳೆಯದೇ ಮಾಡುತ್ತದೆ. ದಿನಾ ತೊಳೆದು ಬರಿದು ಮಾಡುವ ಪೈಪು ಬದುಕಿತು. ಬರೀ ನೀರು ತಾನೇ ಅಂತ ಬಿಟ್ಟ ಪೈಪು ಸತ್ತಿತು. ಈ ವಿಷಯ ಆಗ ನನ್ನನ್ನು ಬಹಳ ಕಾಡಿತು.

ಲೈನನ್ನು ಪೂರ್ತಿ ಬದಲಿಸಿದೆವು. ಪ್ಯಾಚ್ ಹಾಕಿ ಸಾಗಿಸೋಣ ಎಂದವರಿದ್ದರು, ನಾನು ಒಪ್ಪಲಿಲ್ಲ. ಇನ್ನೆಷ್ಟು ಗುಂಡಿ ಒಳಗಿವೆ ಅಂತ ಯಾರು ಹೇಳಬೇಕು? ಎಲ್ಲವನ್ನೂ 316ಎಲ್ ಮಾಡಿ ಎಂದರು ಮ್ಯಾನೇಜರ್. ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ, ಕ್ಲೋರೈಡನ್ನು ಚೆನ್ನಾಗಿ ತಡೆಯುತ್ತದೆ, ದರವೂ ಜಾಸ್ತಿ. ತಣ್ಣೀರಿಗೆ ಸಾಮಾನ್ಯ ಲೆಕ್ಕ ಹೀಗೆ: ಲೀಟರಿಗೆ ಸುಮಾರು 200 ಮಿಲಿಗ್ರಾಂ ಕ್ಲೋರೈಡ್ ತನಕ 304, ಸುಮಾರು 1000 ತನಕ 316. ನೀರು ಬಿಸಿಯಾದಷ್ಟೂ ಈ ಮಿತಿ ಇಳಿಯುತ್ತದೆ. ಹಾಗಾಗಿ ಕಚ್ಚಾ ಬೋರ್‌ವೆಲ್ ನೀರು ಹರಿಯುವ ಭಾಗಕ್ಕೆ ಮಾತ್ರ 316ಎಲ್ ಹಾಕಿ, ಆರ್‌ಓ (ಫಿಲ್ಟರಿನಲ್ಲಿ ಉಪ್ಪು ತೆಗೆದ) ನೀರಿನ ಭಾಗಕ್ಕೆ 304ಎಲ್ಲೇ ಸಾಕು ಎಂದೆ.

ಪೈಪು ಬಂದಾಗ ಒಬ್ಬರು ಅಯಸ್ಕಾಂತ ತಂದರು. ಸುಮ್ನೆ. 304, 316 ಎರಡಕ್ಕೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ, ಹಾಗಾಗಿ ಯಾವುದು ಯಾವುದೆಂದು ಅದರಿಂದ ತಿಳಿಯುವುದಿಲ್ಲ. ಅಗ್ಗದ 202 ಕೂಡ ಅಂಟುವುದಿಲ್ಲ. ಪೈಪಿನ ಮೇಲಿನ ಹೀಟ್ ನಂಬರನ್ನು (ಆ ಉಕ್ಕು ಯಾವ ಬಾರಿ ಕರಗಿಸಿದ್ದು ಎಂದು ಹೇಳುವ ಸಂಖ್ಯೆ) ಸರ್ಟಿಫಿಕೇಟಿಗೆ ತಾಳೆ ನೋಡಿ, ಮಾಲಿಬ್ಡಿನಂ ಟೆಸ್ಟ್ ಕಿಟ್ಟಿನ ಹನಿ ಹಾಕಿ ನೋಡಿದೆವು.

ಎಂಎಸ್ ಮೇಲೆ ಆಡಿದ ಗ್ರೈಂಡಿಂಗ್ ವೀಲು, ತಂತಿ ಬ್ರಷ್ ಯಾವುದೂ ಎಸ್‌ಎಸ್ ಹತ್ತಿರ ಬರಕೂಡದು ಅಂತ ನೀಲಿ ಟೇಪ್ ಸುತ್ತಿ ಬೇರೆ ಮಾಡಿದೆ. ಕಬ್ಬಿಣದ ಪುಡಿ ಮೈಗೆ ಹತ್ತಿದರೆ ಅಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ. ಕೆಲಸ ಶುರುವಾಗುವ ಮುಂಚೆ ಪ್ರತಿ ವೆಲ್ಡರ್ ಒಂದು ತುಂಡು ವೆಲ್ಡ್ ಮಾಡಿ ಕೊಡಬೇಕು, ಸೀಳಿ ಒಳಗಿನ ಬಣ್ಣ ನೋಡುತ್ತೇನೆ ಎಂದೆ. ತಿಳಿ ಒಣಹುಲ್ಲಿನ ಬಣ್ಣ ಇದ್ದರೆ ಸರಿ. ನೀಲಿ ಬಂದರೆ ಮತ್ತೆ ಮಾಡಬೇಕು. ಒಬ್ಬ ಹಿರಿಯ ವೆಲ್ಡರ್, "ಸಾರ್, ಒಳಗಡೆ ನೋಡೋರು ಇವತ್ತಿನವರೆಗೂ ಯಾರೂ ಸಿಕ್ಕಿರಲಿಲ್ಲ" ಎಂದರು. ಅವರ ವೆಲ್ಡು ಎಲ್ಲರಿಗಿಂತ ಶುಚಿಯಾಗಿತ್ತು.

ಪಿಕ್ಲಿಂಗ್ ಪೇಸ್ಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ವೆಲ್ಡಿನ ಬಣ್ಣ ತೆಗೆಯುವ ಆ ಪೇಸ್ಟಿನಲ್ಲಿ ನೈಟ್ರಿಕ್ ಜೊತೆ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಚರ್ಮಕ್ಕೆ ತಾಗಿದರೆ ಮೊದಲು ನೋವೇ ಗೊತ್ತಾಗದೆ ಒಳಗಿಳಿದು ಮೂಳೆಯವರೆಗೂ ಹೋಗಬಹುದು. ಬರಿಗೈಯಲ್ಲಿ ಹಚ್ಚುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಬೇಡ. ಸರಿಯಾದ ಗ್ಲೌಸು, ಮುಖಕ್ಕೆ ಶೀಲ್ಡು ಬೇಕು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲೇ ಇರಬೇಕು. ತಾಗಿದರೆ ತಕ್ಷಣ ನೀರಲ್ಲಿ ತೊಳೆದು, ಜೆಲ್ ಹಚ್ಚಿ, ಆಸ್ಪತ್ರೆಗೆ ಹೋಗಬೇಕು.

ಟೆಸ್ಟನ್ನು ಈ ಸಲ ಆರ್‌ಓ ನೀರಿನಲ್ಲಿ ಮಾಡಿದೆವು. ಕ್ಲೋರೈಡ್ 50 ದಾಟಬಾರದು ಅಂತ ಬರೆದಿಟ್ಟೆ. ಅದೇ ದಿನ ಸಂಜೆ ಡ್ರೈನ್ ತೆರೆದು, ಎಣ್ಣೆಯಿಲ್ಲದ ಗಾಳಿ ಹೊಡೆದು ಒಣಗಿಸಿದೆವು. ಡ್ರೈನ್ ಕಡೆಗೆ ಇಳಿಜಾರು ಇರುವ ಹಾಗೆ ಸಪೋರ್ಟುಗಳನ್ನು ಸರಿಮಾಡಿದ್ದೆವು. ನೀರು ಹರಿಯದೆ ನಿಲ್ಲುವ ಎರಡು ಡೆಡ್ ಎಂಡ್‌ಗಳನ್ನು ಕತ್ತರಿಸಿ ಹಾಕಿದ್ದೆವು.

ಬಿಸಿನೀರಿನ ಲೈನಿನ ಕತೆ ಬೇರೆ. ಅಲ್ಲಿ ಹಾಳು ಹೊರಗಿನಿಂದ ಬರುತ್ತದೆ. ನೆಲ ತೊಳೆಯುವ ನೀರು ಲ್ಯಾಗಿಂಗ್ (ಪೈಪಿನ ಶಾಖ ಹೋಗದಂತೆ ಸುತ್ತಿದ ಹೊದಿಕೆ) ಒಳಗೆ ಇಳಿದು, ಬಿಸಿಗೆ ಒಣಗಿ, ಉಪ್ಪು ಮಾತ್ರ ಪೈಪಿನ ಮೈಮೇಲೆ ಉಳಿಯುತ್ತದೆ. ಸುಮಾರು 60 ಡಿಗ್ರಿ ದಾಟಿದ ಪೈಪಿಗೆ ಇದು ಅಪಾಯ. ಮರದ ಬೇರಿನ ಹಾಗೆ ಕವಲೊಡೆಯುವ ಬಿರುಕು ಬರುತ್ತದೆ. ಈಗ ಪ್ರತಿ ಮಳೆಗಾಲದ ಮುಂಚೆ ಹೊದಿಕೆಯ ಜೋಡುಗಳನ್ನು ನೋಡಿ ಸೀಲ್ ಮಾಡಿಸುತ್ತೇನೆ.

ದಪ್ಪ ಅಳೆಯುವ ಮೀಟರ್ ಇಟ್ಟು ನೋಡಿದರೆ ಎಸ್‌ಎಸ್ ಪೈಪು ಯಾವಾಗಲೂ ಚೆನ್ನಾಗೇ ಇದೆ ಅನ್ನುತ್ತದೆ, ಏಕೆಂದರೆ ಗುಂಡಿಯ ಮೇಲೇ ಅದನ್ನಿಡುವ ಸಂಭವ ಬಹಳ ಕಡಿಮೆ. ಅದಕ್ಕೆ ಹೊಸ ಲೈನಿನ ಅತಿ ತಗ್ಗಿನ ಜಾಗದಲ್ಲಿ ಬಿಚ್ಚಬಹುದಾದ ಒಂದು ತುಂಡನ್ನು ಫ್ಲೇಂಜ್ ಹಾಕಿ ಇಟ್ಟಿದ್ದೇನೆ, ನಡುವೆ ಒಂದು ವೆಲ್ಡ್ ಬರುವ ಹಾಗೆ. ವರ್ಷಕ್ಕೊಮ್ಮೆ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡುತ್ತೇವೆ. ಹೋದ ತಿಂಗಳ ಶಟ್‌ಡೌನ್‌ನಲ್ಲೂ ಬಿಚ್ಚಿದೆವು. ತಳದಲ್ಲಿ ತೆಳುವಾಗಿ ಸುಣ್ಣ ಕಟ್ಟಿತ್ತು. ಬೆರಳಲ್ಲಿ ಒರೆಸಿದಾಗ ಅಡಿಯಲ್ಲಿ ವೆಲ್ಡು ಬೆಳ್ಳಗೆ, ನುಣ್ಣಗೆ ಇತ್ತು. ಆ ಫಿಟ್ಟರನ್ನೂ ಕರೆದು ತೋರಿಸಿದೆ.