ಪೀಣ್ಯದ ಕೆಲಸ ಬಿಟ್ಟು ಅದೇ ಕೆಲಸಕ್ಕೆ ಸ್ವಂತ ಶೆಡ್ ಹಾಕಿದ್ದು

ವರ್ಷಗಟ್ಟಲೆ ಜಿಗ್, ಫಿಕ್ಸ್ಚರ್ (ಮಷೀನಿನಲ್ಲಿ ಕೆಲಸ ಮಾಡುವಾಗ ಬಿಡಿಭಾಗವನ್ನು ಅಲುಗದಂತೆ ಹಿಡಿದಿಡುವ ಸಾಧನ) ಡಿಸೈನ್ ಮಾಡಿಕೊಂಡಿದ್ದವನು ಅದೇ ಕೆಲಸಕ್ಕೆ ಸ್ವಂತ ಶೆಡ್ ಹಾಕುತ್ತೇನೆ ಅಂದಾಗ ಪೀಣ್ಯದಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ: ‘ಎರಡು ವರ್ಷ ಇದೇ ಲೈನಿಗೆ ಬರಬಾರದು ಅಂತ ಸೈನ್ ಹಾಕಿದ್ದೀಯಲ್ಲ, ಕೇಸ್ ಹಾಕಲ್ವಾ?’ ಅಪಾಯಿಂಟ್‌ಮೆಂಟ್ ಆರ್ಡರಿನಲ್ಲಿ ಆ ಷರತ್ತು ಇದ್ದದ್ದು ನಿಜ. ವಕೀಲರು ಅದನ್ನು ಓದಿ, ‘ಇದಿರಲಿ, ನಿಮ್ಮ ಲ್ಯಾಪ್‌ಟಾಪಲ್ಲಿ ಏನೇನಿದೆ ಹೇಳಿ’ ಅಂದರು.

ಎಲ್ಲರೂ ಹೆದರುವ ಆ ಷರತ್ತಿಗೆ ನಮ್ಮ ದೇಶದಲ್ಲಿ ಬಲ ಕಡಿಮೆ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಒಬ್ಬನ ವೃತ್ತಿ ವ್ಯಾಪಾರಕ್ಕೆ ಅಡ್ಡಿ ಮಾಡುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ. ವ್ಯಾಪಾರವನ್ನು ಗುಡ್‌ವಿಲ್ ಸಮೇತ ಮಾರಿದವನ ಮಾತು ಬೇರೆ. ಕ್ರಿಕೆಟಿಗ ಜಹೀರ್ ಖಾನ್ ಅವರ ಏಜೆನ್ಸಿ ಪ್ರಕರಣದಲ್ಲೂ 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಂದ ಮುಗಿದ ಮೇಲಿನ ಕಟ್ಟುಪಾಡನ್ನು ಒಪ್ಪಲಿಲ್ಲ. ಆದರೆ ಕರಾರು ಚಾಲ್ತಿಯಲ್ಲಿರುವಾಗಿನ ನಿರ್ಬಂಧವನ್ನು ಅದೇ ಕೋರ್ಟ್ 1967ರಲ್ಲೇ, ಗೋಲಿಕರಿ ಎಂಬ ನೌಕರನ ಪ್ರಕರಣದಲ್ಲಿ, ಎತ್ತಿಹಿಡಿದಿದೆ.

ಹಾಗಾಗಿ ಸಂಬಳ ಬರುವಷ್ಟು ದಿನ ನಾನು ಯಾವ ಗ್ರಾಹಕರ ಹತ್ತಿರವೂ ಸ್ವಂತ ಕೆಲಸದ ಮಾತು ಎತ್ತಲಿಲ್ಲ. ‘ಹೆಂಡತಿ ಹೆಸರಲ್ಲಿ ಫರ್ಮ್ ಮಾಡಿ ಈಗಲೇ ಜಾಬ್ ವರ್ಕ್ ತಗೋ’ ಅಂತ ಪುಕ್ಕಟೆ ಸಲಹೆ ಕೊಟ್ಟವರಿದ್ದರು. ಬ್ಯಾಂಕ್ ಸ್ಟೇಟ್‌ಮೆಂಟ್ ಕೋರ್ಟಿಗೆ ಬಂದ ದಿನ ಆಕೆಯನ್ನೂ ಕಟಕಟೆಗೆ ಎಳೆದಂತಾಗುತ್ತದೆ. ಶೆಡ್ ಬಾಡಿಗೆ ವಿಚಾರಿಸಿದೆ, ಸೆಕೆಂಡ್‌ಹ್ಯಾಂಡ್ ಮಿಲ್ಲಿಂಗ್ ಮಷೀನ್ ನೋಡಿದೆ, ಅದೂ ಭಾನುವಾರಗಳಲ್ಲಿ. ಜಿಎಸ್‌ಟಿ, ಉದ್ಯಮ್ ನೋಂದಣಿ, ಕೊಟೇಷನ್ ಎಲ್ಲ ರಿಲೀವಿಂಗ್ ಲೆಟರ್ ಕೈಗೆ ಬಂದ ಮೇಲೆ. ನೋಟಿಸ್ ಪಿರಿಯಡ್ ಪೂರ್ತಿ ಮುಗಿಸಿದೆ.

ಇಂತಿಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ದುಡ್ಡು ಕಟ್ಟುತ್ತೇನೆ ಅನ್ನುವ ಬಾಂಡ್ ನನಗೆ ಇರಲಿಲ್ಲ. ಇದ್ದವರು ಹಗುರವಾಗಿ ತಗೋಬೇಡಿ. ವಿಜಯಾ ಬ್ಯಾಂಕ್ ಅಧಿಕಾರಿಯೊಬ್ಬರು ಮೂರು ವರ್ಷದೊಳಗೆ ಬಿಟ್ಟದ್ದಕ್ಕೆ ಕಟ್ಟಿದ 2 ಲಕ್ಷ ವಾಪಸ್ ಕೊಡಿ ಎಂದು ಕರ್ನಾಟಕ ಹೈಕೋರ್ಟ್ ಹೇಳಿತ್ತು. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಬಾಂಡ್ ಸರಿ ಎಂದಿತು.

ಇನ್ನು ಲ್ಯಾಪ್‌ಟಾಪ್. ನಿಜವಾದ ಅಪಾಯ ಇರುವುದು ಇಲ್ಲಿ. ನಾನೇ ರಾತ್ರಿ ನಿದ್ದೆಗೆಟ್ಟು ಗೆರೆ ಎಳೆದ ಡ್ರಾಯಿಂಗ್ ನನ್ನದಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಕರಾರಿಲ್ಲದಿದ್ದರೆ, ಮಾಲೀಕರೇ ಮೊದಲ ಹಕ್ಕುದಾರರು. ಅನುಮತಿಯಿಲ್ಲದೆ ಕಂಪ್ಯೂಟರಿನಿಂದ ಡೇಟಾ ಇಳಿಸಿಕೊಂಡರೆ ಐಟಿ ಕಾಯ್ದೆಯ 43ನೇ ಕಲಂ ಇದೆ. ದುರುದ್ದೇಶ ಸಾಬೀತಾದರೆ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ರೇಟ್ ಶೀಟು, ಗ್ರಾಹಕರ ಪಾರ್ಟ್ ಡ್ರಾಯಿಂಗ್ ಕೂಡ ಗೋಪ್ಯವೇ. ತೆಳು ಕಾಸ್ಟಿಂಗನ್ನು ಬಾಗದ ಹಾಗೆ ಎಲ್ಲಿ ಕ್ಲ್ಯಾಂಪ್ ಮಾಡಬೇಕು ಅನ್ನುವುದು ಮಾತ್ರ ಕೈಗೆ ಹತ್ತಿದ ವಿದ್ಯೆ, ಅದನ್ನು ಯಾರೂ ಕೇಳುವಂತಿಲ್ಲ. ಕೊನೆಯ ವಾರ ಫೋಲ್ಡರುಗಳನ್ನೆಲ್ಲ ಪಟ್ಟಿ ಮಾಡಿ ಒಪ್ಪಿಸಿ, ಐಟಿಯ ಹುಡುಗನ ಸಹಿ ತಗೊಂಡೆ. ವಾಟ್ಸ್ಆ್ಯಪಿನಲ್ಲಿ ಉಳಿದಿದ್ದ ಫೈಲುಗಳ ವಿಷಯವನ್ನು ಎಚ್‌ಆರ್‌ಗೆ ಇಮೇಲ್‌ನಲ್ಲಿ ಬರೆದು, ಅವರು ಒಪ್ಪಿದ ಮೇಲೆ ಅಳಿಸಿದೆ.

ಆಮೇಲೂ ಲಾಯರ್ ನೋಟಿಸ್ ಬಂತು, ಡಿಸೈನ್ ಕದ್ದಿದ್ದೇನೆ ಅಂತ. ನಮ್ಮ ವಕೀಲರು ಆ ಪಟ್ಟಿ, ಆ ಇಮೇಲ್ ಲಗತ್ತಿಸಿ ಎರಡು ಪುಟದ ಉತ್ತರ ಕಳಿಸಿದರು. ಮತ್ತೆ ಪತ್ರ ಬರಲಿಲ್ಲ. ಗ್ರಾಚ್ಯುಟಿ ಮಾತ್ರ ತಡೆಹಿಡಿದಿದ್ದರು. ರಾಜೀನಾಮೆ ಕೊಟ್ಟು ಪ್ರತಿಸ್ಪರ್ಧಿಯಾದ ಎಂಬ ಕಾರಣಕ್ಕೆ ಅದನ್ನು ಮುಟ್ಟುಗೋಲು ಹಾಕಲು ಬರುವುದಿಲ್ಲ ಎಂದು ಬರೆದ ಮೇಲೆ ಬಡ್ಡಿ ಬಿಟ್ಟು ಅಸಲು ಬಂತು. ಬಡ್ಡಿಗೆ ನಾನೂ ಜಗಳ ತೆಗೆಯಲಿಲ್ಲ, ಆಗ ಕೈಯಲ್ಲಿ ಮೊದಲ ಆರ್ಡರ್ ಇತ್ತು.